ಡಾನ್ಯೂಬ್ ದಂಡೆಯ ಎರಡು ಗೋಡೆಗಳು

ಕಳೆದ ಬೇಸಿಗೆ ರಜೆಯಲ್ಲಿ ಮಗಳ ಮನೆಗೆಂದು ಜರ್ಮನಿಯ ಮ್ಯೂನಿಕ್ ನಗರಕ್ಕೆ ಹೋಗಿದ್ದೆವು. ಮೊದಲ ವಾರವೆಲ್ಲ ಅರಮನೆ, ವಿಜ್ಞಾನದ ವಸ್ತುಸಂಗ್ರಹಾಲಯ, ಅಂಗಡಿ ಬೀದಿ ಎಂದು ಸುತ್ತಿ ನನ್ನ ಮೊಣಕಾಲು ಮಾತಾಡತೊಡಗಿತ್ತು. "ಅಪ್ಪಾ, ಶನಿವಾರ ನೀ ಹೇಳಿದಲ್ಲಿಗೇ ಹೋಗೂಣು" ಎಂದಳು ಮಗಳು. ಹಿಂದೆಮುಂದೆ ನೋಡದೆ "ಕೆಪ್ಲರ್ ಸತ್ತ ಊರಿಗೆ" ಎಂದುಬಿಟ್ಟೆ. ನಮ್ಮ ಮನೆಯವರು ನನ್ನ ಮುಖವನ್ನೇ ನೋಡಿದರು. ಇಷ್ಟು ದೂರ ವಿಮಾನ ಹತ್ತಿ ಬಂದು, ಯಾರೋ ಸತ್ತ ಊರನ್ನು ನೋಡುವುದೆಂದರೇನು? ಆದರೆ ಇಷ್ಟು ವರ್ಷ ಪ್ರಶ್ನೆಪತ್ರಿಕೆಯಲ್ಲಿ "ಕೆಪ್ಲರನ ನಿಯಮಗಳನ್ನು ನಿರೂಪಿಸಿ" ಎಂದು ಬರೆದು ಬರೆದು, ಆ ಮನುಷ್ಯನಿಗೆ ಒಮ್ಮೆ ನಮಸ್ಕಾರ ಹೇಳಿ ಬರುವ ಋಣ ನನ್ನ ಮೇಲೆ ಇತ್ತು.

ಆ ಊರು ರೇಗನ್ಸ್‌ಬುರ್ಗ್. ಅಲ್ಲಿಂದ ಮುಂದೆ ಅದೇ ನದಿಯ ದಂಡೆಯಲ್ಲಿ ಆಸ್ಟ್ರಿಯಾ ಗಡಿಗೆ ಅಂಟಿಕೊಂಡಂತೆ ಪಸ್ಸಾವ್. ಎರಡನ್ನೂ ನೋಡಿ ರಾತ್ರಿ ಊಟಕ್ಕೆ ಮನೆಗೆ ಬರಬಹುದೆಂದು ಮಗಳು ಲೆಕ್ಕ ಹಾಕಿದಳು. ಬವೇರಿಯಾ ರಾಜ್ಯದಲ್ಲಿ ಒಂದು ಅನುಕೂಲವಿದೆ: ಒಂದು ದಿನದ ಟಿಕೆಟ್ ಕೊಂಡರೆ ಸಾಕು, ಐದು ಜನರವರೆಗೆ ಒಟ್ಟಾಗಿ ರಾಜ್ಯದೊಳಗಿನ ಪ್ರಾದೇಶಿಕ ರೈಲುಗಳಲ್ಲಿ ಎಲ್ಲಿ ಬೇಕಾದರೂ ಹತ್ತಿ ಇಳಿಯಬಹುದು. ಬುತ್ತಿ ಕಟ್ಟಿಕೊಂಡು ಹೊರಟೆವು. ರೊಟ್ಟಿ, ಶೇಂಗಾ ಚಟ್ನಿ.

ಡಾನ್ಯೂಬ್ ಸುಮಾರು 2,850 ಕಿಲೋಮೀಟರು ಉದ್ದದ ನದಿ. ಜರ್ಮನಿಯ ಕಪ್ಪು ಅರಣ್ಯದಲ್ಲಿ ಹುಟ್ಟಿ, ಹತ್ತು ದೇಶಗಳನ್ನು ಮುಟ್ಟಿ ಕಪ್ಪು ಸಮುದ್ರ ಸೇರುತ್ತದೆ. ಅದರ ದಾರಿಯಲ್ಲಿ ಅತ್ಯಂತ ಉತ್ತರಕ್ಕಿರುವ ತಿರುವಿನಲ್ಲಿ ರೇಗನ್ಸ್‌ಬುರ್ಗ್ ಇದೆ. ಕ್ರಿ.ಶ. 179ರಲ್ಲಿ ರೋಮನ್ನರು ಅಲ್ಲಿ ಕೋಟೆ ಕಟ್ಟಿದ್ದರು. ಅದರ ಹೆಬ್ಬಾಗಿಲಿನ ಕಲ್ಲುಗಳು ಈಗಲೂ ಬೀದಿಯಲ್ಲಿ ನಿಂತಿವೆ. ಆದರೆ ಊರಿನ ಹೆಮ್ಮೆ ಎಂದರೆ ಕಲ್ಲು ಸೇತುವೆ. 1135ರಲ್ಲಿ ಶುರು, 1146ರಲ್ಲಿ ಮುಕ್ತಾಯ. ಈಗ ಅದರ ಮೇಲೆ ವಾಹನಗಳಿಲ್ಲ, ನಡೆಯುವವರು ಮತ್ತು ಸೈಕಲ್ಲಿನವರು ಮಾತ್ರ.

ಸೇತುವೆಯ ನಡುವೆ ನಿಂತು ಕೆಳಗೆ ಬಗ್ಗಿ ನೋಡಿದೆ. ಕಂಬಗಳು ಭಾರಿ ದಪ್ಪ. ಅವು ನದಿಯ ಅಗಲದಲ್ಲಿ ದೊಡ್ಡ ಪಾಲನ್ನು ನುಂಗಿಬಿಟ್ಟಿವೆ. ಅಷ್ಟೂ ನೀರು ಉಳಿದ ಕಿಂಡಿಗಳಲ್ಲೇ ಹೋಗಬೇಕಲ್ಲ? ದಾರಿ ಕಿರಿದಾದಷ್ಟೂ ವೇಗ ಹೆಚ್ಚಬೇಕು. ಕಮಾನುಗಳ ಆಚೆ ನೀರು ಸುಳಿಸುಳಿಯಾಗಿ ಕುದಿಯುವಂತೆ ಕಾಣುತ್ತದೆ. ಹಿಂದಿನ ಕಾಲದಲ್ಲಿ ದೋಣಿಗಳನ್ನು ಪ್ರವಾಹದ ವಿರುದ್ಧ ಈ ಸೇತುವೆ ದಾಟಿಸುವುದೆಂದರೆ ಹರಸಾಹಸವಾಗಿತ್ತಂತೆ. ಪಿಯುಸಿ ಮಕ್ಕಳು ಸಮೀಕರಣವಾಗಿ ಬಾಯಿಪಾಠ ಮಾಡುವುದನ್ನು ಈ ನೀರು ಎಂಟುನೂರು ಎಪ್ಪತ್ತಕ್ಕೂ ಹೆಚ್ಚು ವರ್ಷಗಳಿಂದ ದಿನವೂ ಮಾಡಿ ತೋರಿಸುತ್ತಿದೆ.

ಹಳೆಯ ಪುರಭವನದ ಬಾಗಿಲ ಪಕ್ಕದಲ್ಲಿ ನಾನು ಹೆಚ್ಚು ಹೊತ್ತು ನಿಂತೆ. ಗೋಡೆಗೆ ಮೂರು ಕಬ್ಬಿಣದ ಅಳತೆಗೋಲುಗಳನ್ನು ಜಡಿದಿದ್ದಾರೆ. ಒಂದು ಊರಿನ ಅಡಿ, ಇನ್ನೊಂದು ಬಟ್ಟೆ ಅಳೆಯುವ 'ಎಲ್ಲೆ', ಅಂದರೆ ನಮ್ಮ ಮೊಳದ ಸಂಬಂಧಿ, ಆದರೆ ನಮ್ಮದಕ್ಕಿಂತ ಸಾಕಷ್ಟು ಉದ್ದ. ಮೂರನೆಯದು 'ಕ್ಲಾಫ್ಟರ್'. ಮಗಳು ಅರ್ಥ ಹೇಳುವ ಮೊದಲೇ ನಾನು ಎರಡೂ ಕೈ ಚಾಚಿ ಅದರ ಮುಂದೆ ನಿಂತೆ. ಅದು ನಮ್ಮ ಮಾರು! ಬಾವಿಯ ಹಗ್ಗವನ್ನು ನನ್ನ ಅಜ್ಜ ಅಳೆಯುತ್ತಿದ್ದ ಮಾರು. ಜರ್ಮನಿಯಲ್ಲಿ 1872ರಲ್ಲಿ ಮೀಟರು ಕಡ್ಡಾಯವಾಗುವ ಮುಂಚೆ ಒಂದೊಂದು ಊರಿಗೂ ಒಂದೊಂದು ಅಡಿ ಇತ್ತು. ದೋಣಿಯಲ್ಲಿ ಬಂದ ವ್ಯಾಪಾರಿ ಊರಿನವನಿಗೆ ಮೋಸ ಮಾಡಬಾರದು, ಊರಿನವನು ವ್ಯಾಪಾರಿಗೂ ಮಾಡಬಾರದು. ಜಗಳ ಬಂದರೆ ಇಬ್ಬರೂ ಈ ಗೋಡೆಯ ಹತ್ತಿರ ಬರಬೇಕು. ಅಳತೆ ಯಾರ ಮನೆಯ ಪೆಟ್ಟಿಗೆಯಲ್ಲೂ ಇರಲಿಲ್ಲ, ಬೀದಿಯಲ್ಲಿತ್ತು.

ಕೆಪ್ಲರ್ ಕೊನೆಯುಸಿರೆಳೆದ ಮನೆ ಇರುವುದು ಅಲ್ಲಿಂದ ನಾಲ್ಕು ಹೆಜ್ಜೆ ದೂರದ ಓಣಿಯಲ್ಲಿ. ಓಣಿಗೂ ಅವನ ಹೆಸರೇ. 1630ರಲ್ಲಿ ಅವನು ಈ ಊರಿಗೆ ಬಂದದ್ದು ನಕ್ಷತ್ರ ನೋಡಲು ಅಲ್ಲ. ಚಕ್ರವರ್ತಿಯ ಖಜಾನೆಯಿಂದ ತನಗೆ ಬರಬೇಕಾಗಿದ್ದ ಹಳೆಯ ಬಾಕಿ ಕೇಳಲು. ಕುದುರೆಯ ಮೇಲೆ, ಶರತ್ಕಾಲದ ಚಳಿಯಲ್ಲಿ. ಬಂದ ಕೆಲವೇ ದಿನಗಳಲ್ಲಿ ಜ್ವರ ಹಿಡಿದು ನವೆಂಬರ್ 15ರಂದು ತೀರಿಕೊಂಡ. ಆಗ ವಯಸ್ಸು 58. ನನಗಿಂತ ಒಂದು ವರ್ಷ ದೊಡ್ಡವನು. ಊರ ಗೋಡೆಯ ಹೊರಗಿನ ಸ್ಮಶಾನದಲ್ಲಿ ಹೂಳಿದರು. ಆಗ ನಡೆಯುತ್ತಿದ್ದ ಮೂವತ್ತು ವರ್ಷಗಳ ಯುದ್ಧದಲ್ಲಿ ಆ ಸ್ಮಶಾನವೇ ನಾಶವಾಯಿತು. ಗ್ರಹಗಳ ಸ್ಥಾನವನ್ನು ಅಷ್ಟು ಕರಾರುವಾಕ್ಕಾಗಿ ಹೇಳಿದವನು ಮಲಗಿದ ಜಾಗ ಯಾವುದೆಂದು ಇಂದು ಯಾರೂ ಬೊಟ್ಟು ಮಾಡಿ ತೋರಿಸಲಾರರು. ಸಂಬಳಕ್ಕಾಗಿ ಅಲೆದು ಗೊತ್ತಿರುವ ಅನುದಾನರಹಿತ ಶಾಲೆಗಳ ನನ್ನ ಮಿತ್ರರಿಗೆ ಈ ಭಾಗವನ್ನು ಓದಿ ಹೇಳಬೇಕು.

ಪಸ್ಸಾವ್ ಕಡೆಗೆ ರೈಲು ಹೊರಟಾಗ ಮಗಳಿಗೆ ಪೀಪಾಯಿ ಕಥೆ ಹೇಳಿದೆ. ಇದೇ ಡಾನ್ಯೂಬಿನಲ್ಲಿ ಇನ್ನೂ ಕೆಳಗೆ ಆಸ್ಟ್ರಿಯಾದ ಲಿಂಟ್ಸ್ ಇದೆ. 1613ರಲ್ಲಿ ಎರಡನೆಯ ಮದುವೆಯಾದ ಕೆಪ್ಲರ್ ಅಲ್ಲಿ ಮನೆಗೆ ದ್ರಾಕ್ಷಾರಸದ ಪೀಪಾಯಿಗಳನ್ನು ಕೊಂಡ. ವ್ಯಾಪಾರಿ ಪೀಪಾಯಿಯ ಹೊಟ್ಟೆಯ ತೂತಿನಲ್ಲಿ ಒಂದು ಕೋಲನ್ನು ಓರೆಯಾಗಿ ಇಳಿಸಿ, ಅದು ಒದ್ದೆಯಾದ ಉದ್ದ ನೋಡಿ ಬೆಲೆ ಹೇಳಿದ. ಡುಬ್ಬ ಪೀಪಾಯಿಗೂ ಸಣಕಲ ಪೀಪಾಯಿಗೂ ಒಂದೇ ಕೋಲೇ? ಆ ಅನುಮಾನ ಬೆಳೆದು 1615ರಲ್ಲಿ ಪುಸ್ತಕವಾಯಿತು. ದುಂಡಗಿನ ವಸ್ತುವನ್ನು ತೆಳ್ಳಗೆ ಹೋಳು ಮಾಡಿ ಕೂಡಿಸುವ ಅವನ ದಾರಿಯೇ ಮುಂದೆ ಅನುಕಲನ ಗಣಿತಕ್ಕೆ ಒಂದು ಮೆಟ್ಟಿಲು. ಪೀಪಾಯಿ ಕೊಳ್ಳಲು ನಾನು ಹೋಗಿದ್ದರೆ ಹೆಚ್ಚೆಂದರೆ ಹತ್ತು ರೂಪಾಯಿ ಚೌಕಾಸಿ ಮಾಡಿ ಬರುತ್ತಿದ್ದೆ.

ಪಸ್ಸಾವ್‌ನಲ್ಲಿ ಮೂರು ನದಿಗಳು ಕೂಡುತ್ತವೆ. ಊರಿನ ತುದಿಯ ಮೂಲೆಯಲ್ಲಿ ನಿಂತರೆ ಬಲಕ್ಕೆ ಇನ್, ಎಡಕ್ಕೆ ಡಾನ್ಯೂಬ್, ಅದರಾಚೆ ಸಣ್ಣದಾದ ಇಲ್ಜ್. ಆಲ್ಪ್ಸ್ ಪರ್ವತದ ಹಿಮನದಿಗಳು ಅರೆದ ಕಲ್ಲಿನ ಪುಡಿಯನ್ನು ಹೊತ್ತು ತರುವುದರಿಂದ ಇನ್ ಮಸಕು ಹಸಿರು. ಇಲ್ಜ್ ಬರುವುದು ಕಾಡಿನ ಜೌಗು ನೆಲದಿಂದ; ಕೊಳೆತ ಸಸ್ಯಗಳ ಕಷಾಯ ಕುಡಿದಂತೆ ಕಪ್ಪು. ಕೂಡಿದ ಮೇಲೂ ಸ್ವಲ್ಪ ದೂರ ಬಣ್ಣಗಳು ಪಕ್ಕಪಕ್ಕದಲ್ಲೇ ಹರಿಯುತ್ತವೆ. ಇಲ್ಲೊಂದು ಅನ್ಯಾಯವೂ ಇದೆ. ವರ್ಷದ ಸರಾಸರಿ ತೆಗೆದರೆ ಇನ್ ತರುವ ನೀರು ಡಾನ್ಯೂಬಿಗಿಂತ ಹೆಚ್ಚು. ಆದರೂ ಮುಂದೆ ಉಳಿಯುವುದು ಡಾನ್ಯೂಬ್ ಎಂಬ ಹೆಸರು ಮಾತ್ರ.

ಮನೆಯವರು ಬಹಳ ಹೊತ್ತು ಸುಮ್ಮನೆ ನಿಂತಿದ್ದರು. ಆಮೇಲೆ "ಕೂಡಲಸಂಗಮ ನೆನಪಾತು" ಎಂದರು. ನಮ್ಮೂರು ಮಲಪ್ರಭೆಯ ದಂಡೆಯದು. ನಮ್ಮ ಹೊಳೆ ಕೃಷ್ಣೆಯನ್ನು ಸೇರಿ ಹೆಸರು ಕಳೆದುಕೊಳ್ಳುವುದು ಅಲ್ಲಿಯೇ.

ಹಿಂತಿರುಗುವಾಗ ಪುರಭವನದ ಗೋಪುರದ ಬಳಿ ಜನ ಗೋಡೆಗೆ ಮುಖ ಮಾಡಿ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಗೋಡೆಯ ತುಂಬ ಗೆರೆಗಳು, ಪಕ್ಕದಲ್ಲಿ ಇಸವಿಗಳು. ಪ್ರವಾಹದ ನೀರು ಎಲ್ಲಿಯವರೆಗೆ ಬಂದಿತ್ತು ಎಂಬ ಗುರುತುಗಳು. ಎಲ್ಲಕ್ಕಿಂತ ಮೇಲೆ 1501. ಅದರ ಕೆಳಗೆ 2013. 1954ರದು ಇನ್ನೂ ಕೆಳಗೆ. ಎಲ್ಲವೂ ನನ್ನ ತಲೆಗಿಂತ ಎಷ್ಟೋ ಎತ್ತರದಲ್ಲಿ. 2013ರ ಜೂನ್ 3ರಂದು ಇಲ್ಲಿಯ ಮಾಪಕ 12.89 ಮೀಟರು ತೋರಿಸಿತ್ತು. ಮಕ್ಕಳು ತಪ್ಪು ತಿಳಿಯಬಾರದು. ಅದು ಬೀದಿಯಲ್ಲಿ ನಿಂತ ನೀರಿನ ಆಳವಲ್ಲ, ನದಿಯ ಮಾಪಕದ ಸೊನ್ನೆಯಿಂದ ಎಣಿಸಿದ ಎತ್ತರ. ನೀರು ಇಳಿದ ಮೇಲೆ ವಿಶ್ವವಿದ್ಯಾಲಯದ ಹುಡುಗ ಹುಡುಗಿಯರು ತಾವೇ ಗುಂಪು ಕಟ್ಟಿಕೊಂಡು ಸಲಿಕೆ ಹಿಡಿದು ಮನೆಮನೆಯ ಕೆಸರು ತೆಗೆದರು. 2024ರ ಜೂನ್‌ನಲ್ಲೂ ಇಲ್ಲಿ ನೀರು ಬಂದಿತ್ತು.

ನನಗೆ ಒಂದು ಅನುಮಾನ ಬಂತು. ಈ ಗೋಪುರ ಕಟ್ಟಿದ್ದು 19ನೆಯ ಶತಮಾನದ ಕೊನೆಯಲ್ಲಿ. 1501ರ ನೀರು ಇದರ ಮೇಲೆ ಗುರುತು ಮಾಡಲು ಹೇಗೆ ಸಾಧ್ಯ? ಯಾರೋ ಹಳೆಯ ಗುರುತನ್ನೋ ದಾಖಲೆಯನ್ನೋ ನೋಡಿ, ಅಳೆದು, ಇಲ್ಲಿಗೆ ತಂದಿರಬೇಕು. ಹಾಗೆ ತರುವಾಗ ಒಂದೆರಡು ಅಂಗುಲ ಆಚೀಚೆ ಆಗಿರಲೂಬಹುದು. ಆದರೂ ತಂದರಲ್ಲ! ಇದನ್ನು ಉತ್ಸಾಹದಿಂದ ವಿವರಿಸುತ್ತಿದ್ದೆ. ಮನೆಯವರು ನಡುವೆ ಬಾಯಿ ಹಾಕಿದರು: "ಏನ್ರೀ, ನಿಮ್ಮ ಸಾಲ್ಯಾಗ ಬಂದ ನೀರಿನ ಗುರುತು ಎಲ್ಲೈತಿ?"

ನನ್ನ ಮಾತು ನಿಂತಿತು.

2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲಲ್ಲಿ ಉತ್ತರ ಕರ್ನಾಟಕದಲ್ಲಿ ಬಿದ್ದ ಮಳೆ ನಮ್ಮ ಕಡೆಯವರಿಗೆ ಮರೆಯುವಂಥದ್ದಲ್ಲ. ಮಲಪ್ರಭೆ ನಮ್ಮ ಶಾಲೆಯೊಳಗೂ ಬಂದಳು. ಇಳಿದ ಮೇಲೆ ಎಲ್ಲ ಕೋಣೆಗಳ ಗೋಡೆಯ ಮೇಲೂ ಹಗ್ಗ ಹಿಡಿದು ಎಳೆದಂತೆ ಒಂದು ಕಂದು ಗೆರೆ. ದೀಪಾವಳಿಗೆ ಮುಂಚೆ ಊರಿನವರನ್ನೂ ದೊಡ್ಡ ಹುಡುಗರನ್ನೂ ಸೇರಿಸಿ ಸುಣ್ಣ ಹೊಡೆಸಿದವನು ನಾನೇ. ಮೊದಲ ಸಲ ಹೊಡೆದಾಗ ಗೆರೆ ಮತ್ತೆ ಮೇಲೆದ್ದಿತು. "ಇನ್ನೊಂದು ಕೈ ಹೊಡೀರಿ, ಸಣ್ಣ ಹುಡುಗರು ಅಂಜತಾವು" ಎಂದೆ. ಎರಡನೆಯ ಸಲಕ್ಕೆ ಹೋಯಿತು. ಹತ್ತು ಪೈಸೆಯ ಮೊಳೆ ಒಂದನ್ನು ಆ ಗೆರೆಯ ಮೇಲೆ ಹೊಡೆಯಬೇಕೆಂದು ವಿಜ್ಞಾನದ ಮಾಸ್ತರನಿಗೆ ಹೊಳೆಯಲಿಲ್ಲ.

2019ರ ಆಗಸ್ಟ್‌ನಲ್ಲಿ ಹೊಳೆ ಮತ್ತೆ ಏರಿದಾಗ ದಾಖಲಾತಿ ಪುಸ್ತಕಗಳನ್ನು ಎಲ್ಲಿಡುವುದೆಂಬ ಪ್ರಶ್ನೆ ಬಂತು. ಹೋದ ಸಲ ಎಷ್ಟು ಬಂದಿತ್ತು? ಒಬ್ಬರು ಸೊಂಟಮಟ್ಟ ಎಂದರು, ಇನ್ನೊಬ್ಬರು ಎದೆಮಟ್ಟ. "ಎದೆಮಟ್ಟ ಎಲ್ಲಿ ಬಂದಿತ್ತು, ಎರಡನೇ ಹಲಗೆ ಮ್ಯಾಲ ಇಡ್ರಿ ಸಾಕು" ಎಂದು ತೀರ್ಪು ಕೊಟ್ಟವನೂ ನಾನೇ. ಎರಡನೇ ಹಲಗೆ ಮುಳುಗಿತು. ಹಳೆಯ ವರ್ಷಗಳ ಪುಟಗಳಲ್ಲಿ ಶಾಯಿ ಕರಗಿ ನೀಲಿ ಕಲೆಯಷ್ಟೇ ಉಳಿಯಿತು. ಹುಟ್ಟಿದ ತಾರೀಖಿನ ದಾಖಲೆ ಕೇಳಿಕೊಂಡು ಬರುವ ಹಳೆಯ ವಿದ್ಯಾರ್ಥಿಗಳಿಗೆ ಇಂದಿಗೂ ನಾನು ಸರಿಯಾದ ಉತ್ತರ ಕೊಡಲಾರೆ.

ಜೂನ್‌ನಲ್ಲಿ ಶಾಲೆ ತೆರೆದ ದಿನವೇ ಒಂಬತ್ತನೆಯ ತರಗತಿಯ ನಾಲ್ಕು ಹುಡುಗರನ್ನು ಕರೆದುಕೊಂಡು ಪ್ರಯೋಗಾಲಯದ ಮರದ ಕಪಾಟನ್ನು ಗೋಡೆಯಿಂದ ಸರಿಸಿದೆ. ಅದರ ಬೆನ್ನಿಗೆ ಯಾರೂ ಬಣ್ಣ ಬಳಿದಿರಲಿಲ್ಲ. ಎರಡು ಕಲೆಗಳಿದ್ದವು. ಒಂದು ನೆಲದಿಂದ 3 ಅಡಿ 7 ಅಂಗುಲ, ಇನ್ನೊಂದು 4 ಅಡಿ 2 ಅಂಗುಲ. 2019ರ ಫೋಟೋಗಳು ಹಲವರ ಮೊಬೈಲಿನಲ್ಲಿವೆ; ಅವುಗಳಲ್ಲಿ ಕರಿಹಲಗೆಯ ಕೆಳ ಅಂಚನ್ನು ಆಧಾರವಾಗಿಟ್ಟು ಹುಡುಗರು ಲೆಕ್ಕ ಹಾಕಿದರು. ಕೆಳಗಿನ ಕಲೆ 2019ರದು. ಹಾಗಾದರೆ ಮೇಲಿನದು 2009.

ಆದರೆ 2009ರಲ್ಲಿ ಆ ಕಪಾಟು ಪ್ರಯೋಗಾಲಯದಲ್ಲೇ ಇತ್ತೆಂದು ನಿವೃತ್ತ ಮುಖ್ಯೋಪಾಧ್ಯಾಯರು ಹೇಳುತ್ತಾರೆ. ಶಿಕ್ಷಕರ ಕೋಣೆಯಲ್ಲಿತ್ತು, ಆಮೇಲೆ ತಾನೇ ಹೊತ್ತು ತಂದದ್ದು ಎಂದು ಹಳೆಯ ಸಿಪಾಯಿ ಆಣೆ ಮಾಡುತ್ತಾನೆ. ಆ ಕೋಣೆಯ ನೆಲ ಒಂದು ಮೆಟ್ಟಿಲು ಎತ್ತರ, ಅಂದರೆ ಆರು ಅಂಗುಲ. ಹುಡುಗರು ಸದ್ಯಕ್ಕೆ ಗೋಡೆಯ ಮೇಲೆ ಸೀಸದಕಡ್ಡಿಯಿಂದ ಎರಡು ಗೆರೆ ಎಳೆದು, ಎರಡರ ಪಕ್ಕದಲ್ಲೂ 2009 ಎಂದು ಬರೆದು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದಾರೆ. ಮುಂದಿನ ವಾರ ಶಿಕ್ಷಕರ ಕೋಣೆಯ ಹಳೆಯ ಬಾಗಿಲ ಚೌಕಟ್ಟನ್ನು ಕೆರೆದು ನೋಡುವವರಿದ್ದೇವೆ.