ದಫ್ತರದ ರಟ್ಟಿನ ಮೇಲಿನ ಹೆಸರು

ಹಳೆಯ ಕಂಪ್ಯೂಟರ್ ಫೈಲುಗಳನ್ನೆಲ್ಲ ಹೊಸ ಡೇಟಾಬೇಸಿನ ಒಂದು ಟೇಬಲ್ಲಿಗೆ ಸುರಿದರೆ ಕೆಲಸ ಮುಗಿಯಿತು ಎಂಬ ಮಾತು ಈಚೆಗೆ ಸಲೀಸಾಗಿ ಕೇಳಿಬರುತ್ತದೆ. ಮುಗಿಯುವುದಿಲ್ಲ, ಎಷ್ಟೋ ಸಲ ಅಲ್ಲಿಂದಲೇ ಕೆಡುತ್ತದೆ. 1988ರಲ್ಲಿ ಐಬಿಎಂ ತಂದ ಎಎಸ್/400 ಯಂತ್ರದಲ್ಲಿ ಒಂದೇ ಫೈಲಿನೊಳಗೆ ಒಂದೇ ನಮೂನೆಯ ಹಲವು ‘ಮೆಂಬರ್’ಗಳನ್ನು ಇಡಬಹುದಿತ್ತು, ಶಾಖೆಗೊಂದು, ವರ್ಷಕ್ಕೊಂದು. ಯಾವ ವರ್ಷ ಎಂಬುದು ಮೆಂಬರಿನ ಹೆಸರಿನಲ್ಲೇ ಇರುತ್ತಿದ್ದುದರಿಂದ ಅದನ್ನು ಸಾಲುಸಾಲಿಗೂ ಬರೆಯುವ ಗೋಜಿರಲಿಲ್ಲ. ಎಸ್‌ಕ್ಯೂಎಲ್ ಟೇಬಲ್ಲಿನಲ್ಲಿ ಅಂಥ ಒಳಮನೆಗಳಿಲ್ಲ. ಬರೀ ಸಾಲುಗಳನ್ನು ಎತ್ತಿ ತಂದರೆ ವರ್ಷ ಹಳೆಯ ಯಂತ್ರದಲ್ಲೇ ಉಳಿದುಬಿಡುತ್ತದೆ. ಮೆಂಬರಿನ ಹೆಸರೂ ಮಾಹಿತಿಯೇ. ಅದು ಒಂದು ಕಾಲಮ್ಮಾಗಿ ಜೊತೆಗೆ ಬರಲೇಬೇಕು.

ಭಾಲ್ಕಿ ತಾಲೂಕಿನ ಸಾಯಗಾಂವದಂಥ ಊರಿನ ಪಹಣಿಯನ್ನು ನೆನೆದರೆ ಇದು ಇನ್ನೂ ಸ್ಪಷ್ಟ. ಊರು, ವರ್ಷ ದಫ್ತರದ ರಟ್ಟಿನ ಮೇಲೆ. ಒಳಗಿನ ಸಾಲಿನಲ್ಲಿ ಸರ್ವೆ ನಂಬರು, ಹೆಸರು, ವಿಸ್ತೀರ್ಣ. ಸರ್ವೆ ನಂಬರ್ 45 ಸಾಯಗಾಂವದಲ್ಲೂ ಇರಬಹುದು, ಔರಾದ್ ತಾಲೂಕಿನ ಹತ್ತಾರು ಹಳ್ಳಿಗಳಲ್ಲೂ ಇರಬಹುದು. ರಟ್ಟು ಕಳಚಿದರೆ ಆ ಹೊಲ ಯಾವ ಊರಿನದೂ ಅಲ್ಲ. ‘ಭೂಮಿ’ ಯೋಜನೆಯಲ್ಲಿ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಬಂದವು. ಇಂದಿನ ಪಹಣಿಯಲ್ಲಿ ಜಿಲ್ಲೆ, ತಾಲೂಕು, ಹೋಬಳಿ, ಗ್ರಾಮ ಎಲ್ಲವೂ ಅಚ್ಚಾಗುವುದು ರಟ್ಟಿನ ಬರಹ ಸಾಲಿಗೆ ಇಳಿದದ್ದರಿಂದ. ಈ ತಾಲೂಕುಗಳಿರುವ, 1956ರವರೆಗೆ ಹೈದರಾಬಾದ್ ರಾಜ್ಯಕ್ಕೆ ಸೇರಿದ್ದ ಬೀದರಿನಲ್ಲಿ ತೊಡಕು ಇನ್ನೂ ಹೆಚ್ಚು, ಏಕೆಂದರೆ ಅಲ್ಲಿನ ಹಳೆಯ ದಾಖಲೆಗಳು ಉರ್ದುವಿನಲ್ಲಿವೆ. ಉರ್ದು ಬರಹದಲ್ಲಿ ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲ. ಒಂದೇ ಹೆಸರನ್ನು ಕನ್ನಡದಲ್ಲಿ ಎರಡು ಮೂರು ಬಗೆಯಲ್ಲಿ ಓದಬಹುದು. ವರ್ಷವೂ ಫಸಲಿ ಎಂಬ ಹಳೆಯ ಕಂದಾಯ ಪಂಚಾಂಗದ್ದು: 1364 ಎಂದರೆ 1954–55.

ಅಳತೆಯನ್ನೇ ನೋಡಿ. 3 ಎಕರೆ 20 ಗುಂಟೆಯನ್ನು ಹಳೆಯವರು 3-20 ಎಂದು ಬರೆದರು. ಎಕರೆಗೆ 40 ಗುಂಟೆ, ಆದ್ದರಿಂದ ಅದು ಮೂರೂವರೆ ಎಕರೆ. ಅಡ್ಡಗೆರೆಯ ಜಾಗದಲ್ಲಿ ಚುಕ್ಕೆ ಇಟ್ಟು ದಶಮಾಂಶ ಮಾಡಿದರೆ 3 ಎಕರೆ 8 ಗುಂಟೆ ಉಳಿಯಿತು. ಯಾರೂ ಕದಿಯದೆಯೇ ರೈತನ 12 ಗುಂಟೆ ಹೋಯಿತು.

ಹಳೆಯ ಕೊಳೆಯನ್ನು ಹೊಸ ಮನೆಗೆ ಏಕೆ ಹೊರಬೇಕು, ದಾಟಿಸುವಾಗಲೇ ತಿದ್ದಿದರಾಯಿತು ಎನ್ನುವವರ ವಾದವನ್ನು ತಳ್ಳಿಹಾಕುವಂತಿಲ್ಲ. ಒಬ್ಬನೇ ಮನುಷ್ಯ ಮೂರು ಹೆಸರಿನಲ್ಲಿ ಕೂತರೆ ಸಾಲಕ್ಕೂ ಬೆಳೆ ಪರಿಹಾರಕ್ಕೂ ಅಲೆಯುವವನು ಅವನೇ. ತಿದ್ದಲಿ, ಆದರೆ ತಿದ್ದಿದ್ದು ಪಕ್ಕದ ಕಾಲಮ್ಮಿನಲ್ಲಿರಲಿ, ಮೂಲದ ಬರಹ ಇದ್ದಂತೆಯೇ ಉಳಿಯಲಿ. ಡಿಸ್ಕಿನಲ್ಲಿ ಜಾಗ ಸಾಲದು ಎಂಬ ನೆಪ ಈ ಕಾಲದಲ್ಲಿ ಕೇಳುವಂಥದ್ದಲ್ಲ. ಹೊಸ ಟೇಬಲ್ಲಿನಿಂದ ಸಾಯಗಾಂವದ ಒಂದು ವರ್ಷದ ಸಾಲುಗಳನ್ನಷ್ಟೇ ತೆಗೆದು, ಹಳೆಯ ದಫ್ತರದೊಡನೆ ಸಾಲು ಎಣಿಸಿ, ಗುಂಟೆ ಕೂಡಿಸಿ ನೋಡಬೇಕು. ಎರಡೂ ತಾಳೆಯಾಗುವತನಕ ಹಳೆಯದನ್ನು ಅಳಿಸುವ ಅಧಿಕಾರ ಯಾರಿಗೂ ಇಲ್ಲ.