ಮೂಗಿನ ಸಾಕ್ಷಿ ಸಾಲದು

ಕಾಮಾಕ್ಷಿಪಾಳ್ಯದ ಗಲ್ಲಿಗಳಲ್ಲಿ ಒಮ್ಮೆ ನಡೆದವರಿಗೆ ಅಲ್ಲಿನ ಗಾಳಿಯ ಪರಿಚಯ ಮಾಡಿಕೊಡಬೇಕಾಗಿಲ್ಲ. ಲೇತಿನ ಎಣ್ಣೆ, ಪಾಲಿಷಿನ ಧೂಳು, ಬಣ್ಣಕ್ಕೆ ಬೆರಸುವ ತಿನ್ನರು ಎಲ್ಲವೂ ಒಂದೇ ಉಸಿರಿನಲ್ಲಿ ಒಳಸೇರುತ್ತವೆ. ನನ್ನ ತಂದೆಯವರು ಅಲ್ಲಿಯ ಒಂದು ಚಿಕ್ಕ ಶೆಡ್ಡಿನಲ್ಲಿ ಕಬ್ಬಿಣದ ಬೀರುಗಳಿಗೆ ಸ್ಪ್ರೇ ಬಣ್ಣ ಹೊಡೆಯುತ್ತಾರೆ. ಆ ಕೂಲಿಯಿಂದಲೇ ನಾನು, ನಮ್ಮ ಮನೆತನದಲ್ಲಿ ಮೊದಲಿಗನಾಗಿ, ಬಿ.ಎ. ಅಂತಿಮ ತರಗತಿಯವರೆಗೆ ಬಂದಿದ್ದೇನೆ.

ಸಂಜೆಯಾದರೆ ಅವರಿಗೆ ತಲೆನೋವು. "ಶೆಡ್ಡಿನ ಗಾಳಿ ಹೇಗಿದೆ ಅಪ್ಪ?" ಎಂದು ಕೇಳಿದರೆ, "ಮೊದಮೊದಲು ವಾಸ್ನೆ ತಡೆಯೋಕಾಗ್ತಿರಲಿಲ್ಲ ಕಣೋ, ಈಗ ಏನೂ ಗೊತ್ತಾಗಲ್ಲ" ಎನ್ನುತ್ತಾರೆ. ಬದಲಾದದ್ದು ಗಾಳಿಯಲ್ಲ, ಮೂಗು. ಒಂದೇ ವಾಸನೆಯಲ್ಲಿ ಬಹಳ ಹೊತ್ತು ಇದ್ದ ಮೂಗು ಅದನ್ನು ಮರೆಯುತ್ತದೆ. ನರಗಳಿಗೆ ಆ ಮರೆವಿಲ್ಲ. ತಿನ್ನರಿನಲ್ಲಿ ಸಾಮಾನ್ಯವಾದ ಟಾಲೀನ್ ಆವಿ ನರಮಂಡಲಕ್ಕೆ ಕೆಡುಕು. ಅದರ ಸೋದರನಾದ ಬೆಂಜೀನ್ ರಕ್ತದ ಕ್ಯಾನ್ಸರನ್ನೇ ತರಬಲ್ಲದು.

ಹೀಗೆ ಮರೆಯದ ಯಂತ್ರವೊಂದುಂಟು. ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರ ಚೀಲವನ್ನು ಒರಸಿ ಸ್ಫೋಟಕದ ಸುಳಿವು ಹಿಡಿಯುವುದು ಬಹುಮಟ್ಟಿಗೆ ಅದರಿಂದಲೇ. ನಾನು ವಿಜ್ಞಾನದ ವಿದ್ಯಾರ್ಥಿಯಲ್ಲ; ಓದಿ ತಿಳಿದಷ್ಟನ್ನು ಹೇಳುತ್ತೇನೆ. ಗಾಳಿಯಲ್ಲಿನ ಆವಿಯ ಅಣುಗಳಿಗೆ ವಿದ್ಯುದಂಶ ಕೊಟ್ಟು ಅಯಾನುಗಳನ್ನಾಗಿ ಮಾಡಿ, ವಿದ್ಯುತ್ ಕ್ಷೇತ್ರದ ಬಲದಿಂದ ಒಂದು ಕೊಳವೆಯಲ್ಲಿ ಓಡಿಸುತ್ತಾರೆ. ಕೆ.ಆರ್. ಮಾರುಕಟ್ಟೆಯ ಸಂದಣಿಯಲ್ಲಿ ಸಣ್ಣ ಹುಡುಗ ನುಸುಳಿ ಮುಂದಾಗುತ್ತಾನೆ, ಮೂಟೆ ಹೊತ್ತವನು ಹಿಂದುಳಿಯುತ್ತಾನೆ. ಹಾಗೆಯೇ ಪುಟ್ಟ ಅಯಾನು ಬೇಗ, ದೊಡ್ಡದು ತಡವಾಗಿ ತಲಪುತ್ತದೆ. ಸೆಕೆಂಡಿನ ಸಾವಿರದಲ್ಲಿ ಕೆಲವು ಪಾಲಿನಷ್ಟಾದ ಆ ಕಾಲವೇ ಅದರ ಗುರುತು. 1970ರಲ್ಲಿ ಕೋಹೆನ್ ಮತ್ತು ಕರಾಸೆಕ್ ಎಂಬವರು ಪ್ರಚಾರಕ್ಕೆ ತಂದ ಈ ವಿಧಾನಕ್ಕೆ ನಿರ್ವಾತ ಬೇಡ. ಆದ್ದರಿಂದ ಯಂತ್ರವನ್ನು ಕೈಯಲ್ಲಿ ಹಿಡಿದು ಶೆಡ್ಡಿನೊಳಕ್ಕೇ ಒಯ್ಯಬಹುದು. ನೂರು ಕೋಟಿ ಅಣುಗಳಲ್ಲಿ ಬೆರೆತ ಕೆಲವನ್ನೂ ಅದು ಕಂಡುಹಿಡಿಯಬಲ್ಲದು.

ಯಂತ್ರಕ್ಕೂ ದೋಷಗಳುಂಟು. ಗಾಳಿಯ ತೇವ ಅದನ್ನು ದಾರಿತಪ್ಪಿಸುತ್ತದೆ. ಹಲವು ಆವಿಗಳು ಬೆರೆತರೆ ಗುರುತು ಕಲಸಿಹೋಗುತ್ತದೆ. ಬೆಂಜೀನಿಗೆ ಅತಿನೇರಳೆ ದೀಪದ ಬೇರೆ ಏರ್ಪಾಡು ಒಳ್ಳೆಯದು. ತಿಳಿದವರ ಕೈಯಲ್ಲಿರಬೇಕೆಂಬುದಕ್ಕೆ ಇದು ಕಾರಣವೇ ಹೊರತು, ಬೇಡವೆಂಬುದಕ್ಕಲ್ಲ.

ಪೀಣ್ಯದಲ್ಲಿಯೂ ಸಾಣೆಗುರುವನಹಳ್ಳಿಯಲ್ಲಿಯೂ ಗಾಳಿ ಅಳೆಯುವ ಸರ್ಕಾರಿ ಕೇಂದ್ರಗಳಿವೆ ಎಂದು ಕೆಲವರು ಹೇಳಬಹುದು. ಅವು ಬೀದಿಯ ಗಾಳಿಯನ್ನು ಬಲ್ಲವು, ಬಾಗಿಲೊಳಗಿನದನ್ನಲ್ಲ. 1948ರ ಕಾರ್ಖಾನೆ ಕಾಯಿದೆಗೆ 1987ರಲ್ಲಿ ತಿದ್ದುಪಡಿ ತಂದು, ಕೆಲಸದ ಸ್ಥಳದ ವಿಷಾವಿಗಳಿಗೆ ಮಿತಿ ಹಾಕಿದರು. ಆದರೆ ವಿದ್ಯುತ್ತು ಬಳಸಿ ಹತ್ತು ಮಂದಿ ದುಡಿಯುವ ಕಡೆಗೆ ಆ ಕಾಯಿದೆ ಅನ್ವಯಿಸುತ್ತಿತ್ತು. ಐದಾರು ಮಂದಿಯ ಶೆಡ್ಡು ಅದರ ಕಣ್ಣಿಗೆ ಬೀಳಲಿಲ್ಲ.

ಆದ್ದರಿಂದ ನನ್ನ ಕೋರಿಕೆ ಇಷ್ಟೇ: ಇಂಥ ಯಂತ್ರವಿರುವ ಒಂದು ವ್ಯಾನು ಈ ಗಲ್ಲಿಗಳಲ್ಲಿ ತಿರುಗಲಿ, ಅಳೆದ ಅಂಕಿಯನ್ನು ಕನ್ನಡದಲ್ಲಿ ಬರೆದು ಬಾಗಿಲಿಗೆ ಅಂಟಿಸಲಿ. ಈ ಲೇಖನ ಓದಿ ಹೇಳಿದಾಗ ತಂದೆಯವರು, "ಶೆಡ್ಡಿನ ಹೆಸರು ಮಾತ್ರ ಹಾಕಬೇಡ, ಕೆಲಸ ಹೋದೀತು" ಎಂದರು. ನಾನು ಹಾಕಿಲ್ಲ. ಬಡವನ ತಲೆನೋವು ದೂರು ಎನಿಸಿಕೊಳ್ಳುತ್ತದೆ. ಯಂತ್ರದ ಅಂಕಿಗೆ ಕೆಲಸ ಕಳೆದುಕೊಳ್ಳುವ ಭಯವಿಲ್ಲ. ಚೀಲಗಳಿಗೆ ದೊರೆಯುವ ಪರೀಕ್ಷೆ ದುಡಿಯುವವರ ಉಸಿರಿಗೂ ದೊರೆಯಬೇಡವೆ?