ದೋಷ ಪತ್ತೆಯ ದುಡಿಮೆಗೂ ಬೆಲೆ ಬೇಕು

ಔಟ್‌ಬೋರ್ಡ್ ಎಂಜಿನ್ ಕರಾವಳಿಯವರಿಗೆ ಮಾತ್ರ ಸಂಬಂಧಿಸಿದ ಯಂತ್ರವೆಂಬ ಭಾವನೆ ಮೈಸೂರಿನ ವ್ಯಾಪಾರ ವಲಯದಲ್ಲಿ ಸಾಮಾನ್ಯವಾಗಿದೆ. ಆದರೆ ಕಬಿನಿ ಹಿನ್ನೀರಿನ ಪ್ರವಾಸಿ ದೋಣಿಗಳು ಸಾಗುವುದು ಇಂತಹ ಎಂಜಿನ್‌ಗಳಿಂದಲೇ. 2019ರ ಆಗಸ್ಟ್‌ನಲ್ಲಿ ಕಪಿಲೆ ಉಕ್ಕಿ ನಂಜನಗೂಡಿನ ತಗ್ಗು ಪ್ರದೇಶಗಳು ಜಲಾವೃತವಾದಂತಹ ಸಂದರ್ಭಗಳಲ್ಲಿ ರಕ್ಷಣಾ ಸಿಬ್ಬಂದಿ ನೆಚ್ಚಿಕೊಳ್ಳಬೇಕಾದುದೂ ಇವನ್ನೇ. ಇನ್ನು ಕರಾವಳಿಯಲ್ಲಿ ವರ್ಷಂಪ್ರತಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವಾಗ, 10 ಅಶ್ವಶಕ್ತಿಯವರೆಗಿನ ಎಂಜಿನ್ ಅಳವಡಿಸಿದ ನಾಡದೋಣಿಗಳಿಗೆ ಅದೇ ಸುಗ್ಗಿಯ ಕಾಲ. ಆ ದಿನಗಳಲ್ಲಿ ಎರಡು ಸಿಲಿಂಡರ್‌ಗಳ ಪೈಕಿ ಒಂದು ಕೈಕೊಟ್ಟರೆ ಆ ದಿನದ ದುಡಿಮೆ ಮಾತ್ರವಲ್ಲ, ನೀರಿಗಿಳಿದವರ ಪ್ರಾಣವೂ ಅಪಾಯಕ್ಕೆ ಸಿಲುಕುತ್ತದೆ.

ವರ್ಕ್‌ಶಾಪ್ ಭಾಷೆಯಲ್ಲಿ 'ಮಿಸ್ಸಿಂಗ್' ಎಂದು ಕರೆಯಲಾಗುವ ಈ ದೋಷಕ್ಕೆ ಬಹುತೇಕ ಕಡೆ ಅನುಸರಿಸುವ ಚಿಕಿತ್ಸೆ ಒಂದೇ. ಮೊದಲು ಪ್ಲಗ್ ಬದಲಾವಣೆ, ಗುಣವಾಗದಿದ್ದರೆ ಕಾಯಿಲ್, ಅದೂ ಆಗದಿದ್ದರೆ ಕಾರ್ಬ್ಯುರೇಟರ್, ಕೊನೆಗೆ ಸಿಡಿಐ ಘಟಕ. ನಾಲ್ಕನೆಯ ಬಿಡಿಭಾಗಕ್ಕೆ ಎಂಜಿನ್ ಸರಿಹೋದರೆ ಮೊದಲ ಮೂರರ ಹಣವನ್ನು ಗ್ರಾಹಕನು ವೃಥಾ ತೆತ್ತಂತಾಯಿತು. ಇದಕ್ಕೆ ಮೆಕ್ಯಾನಿಕ್‌ನ ಅಜ್ಞಾನವೊಂದನ್ನೇ ಹೊಣೆಯಾಗಿಸುವುದು ನ್ಯಾಯವಲ್ಲ. ದುರಸ್ತಿ ಬಿಲ್ಲಿನಲ್ಲಿ ಬಿಡಿಭಾಗಕ್ಕೆ ಒಂದು ಸಾಲುಂಟು, ಜೋಡಣೆಯ ಕೂಲಿಗೆ ಒಂದು ಸಾಲುಂಟು. ದೋಷ ಪತ್ತೆಗೆ ಮಾತ್ರ ಸಾಲೇ ಇಲ್ಲ. ಎರಡು ಗಂಟೆ ಪರೀಕ್ಷಿಸಿ, ಸಡಿಲಗೊಂಡ ಅರ್ಥಿಂಗ್ ತಂತಿಯನ್ನು ಬಿಗಿ ಮಾಡಿ ಕಳುಹಿಸಿದವನ ಕೈಗೆ ಪುಡಿಗಾಸು. ಊಹೆಯ ಮೇಲೆ ಮೂರು ಭಾಗ ಬದಲಿಸಿದವನಿಗೆ ಕೂಲಿಯ ಜೊತೆಗೆ ಲಾಭಾಂಶ. ಇಂತಹ ವ್ಯವಸ್ಥೆಯಲ್ಲಿ ಊಹೆಯೇ ಬೆಳೆಯುವುದು ಸಹಜ.

ವಾಸ್ತವವಾಗಿ ದೋಷ ಪತ್ತೆಯ ಕ್ರಮ ಕಠಿಣವೇನಲ್ಲ. ಪ್ರತಿ ಸಿಲಿಂಡರ್‌ಗೂ ಸಕಾಲದ ಕಿಡಿ, ಹದವಾದ ಇಂಧನ ಮಿಶ್ರಣ, ಸಾಕಷ್ಟು ಕಂಪ್ರೆಶನ್ ಈ ಮೂರೂ ದೊರೆಯಬೇಕು. ಯಾವ ಸಿಲಿಂಡರ್ ಕೆಲಸ ಮಾಡುತ್ತಿಲ್ಲವೆಂಬುದನ್ನು ಮೊದಲು ತಿಳಿಯಬೇಕು. ಎಂಜಿನ್ ನಿಧಾನಗತಿಯಲ್ಲಿ ಓಡುತ್ತಿರುವಾಗ ಒಂದೊಂದೇ ಸಿಲಿಂಡರ್‌ನ ಕಿಡಿಯನ್ನು ಕಡಿತಗೊಳಿಸಿದರೆ, ಸ್ವಸ್ಥ ಸಿಲಿಂಡರ್‌ನ ಸರದಿಯಲ್ಲಿ ವೇಗ ಕುಸಿಯುತ್ತದೆ. ಯಾವುದರ ಸರದಿಯಲ್ಲಿ ವೇಗ ಬದಲಾಗುವುದಿಲ್ಲವೋ ಅದೇ ರೋಗಿ. ಸಿಡಿಐ ವ್ಯವಸ್ಥೆಯಲ್ಲಿ ಪ್ಲಗ್ ವೈರನ್ನು ಹಾಗೆಯೇ ತೂಗುಬಿಡದೆ ಸ್ಪಾರ್ಕ್ ಟೆಸ್ಟರ್ ಮೂಲಕ ಅರ್ಥ್ ಮಾಡಬೇಕು. ಇಲ್ಲವಾದರೆ ಘಟಕ ಸುಟ್ಟುಹೋಗುವ, ಪೆಟ್ರೋಲ್ ಆವಿಗೆ ಬೆಂಕಿ ತಗಲುವ ಸಂಭವವಿದೆ. ತಂಪಿಗೆ ನೀರಿನ ವ್ಯವಸ್ಥೆಯಿಲ್ಲದೆ ಔಟ್‌ಬೋರ್ಡ್ ಎಂಜಿನ್ನನ್ನು ಓಡಿಸಿದರೆ ಪಂಪಿನೊಳಗಿನ ರಬ್ಬರ್ ಇಂಪೆಲ್ಲರ್ ಹಾಳಾಗುತ್ತದೆ ಎಂಬುದನ್ನೂ ಮರೆಯಬಾರದು.

ಮುಂದಿನ ಹೆಜ್ಜೆ, ಎರಡೂ ಸಿಲಿಂಡರ್‌ಗಳಿಗೆ ಸಮಾನವಾದುದೇನು, ಪ್ರತ್ಯೇಕವಾದುದೇನು ಎಂಬ ವಿಂಗಡಣೆ. ಒಂದೇ ಕಾರ್ಬ್ಯುರೇಟರ್ ಎರಡಕ್ಕೂ ಇಂಧನ ಉಣಿಸುತ್ತಿರುವಾಗ ಒಂದು ಸಿಲಿಂಡರ್ ಮಾತ್ರ ನಿಂತಿದ್ದರೆ, ಕಾರ್ಬ್ಯುರೇಟರನ್ನು ಮೊದಲು ಬಿಚ್ಚುವುದು ವ್ಯರ್ಥ. ಸಿಲಿಂಡರ್‌ಗೊಂದು ಕಾರ್ಬ್ಯುರೇಟರ್ ಇರುವ ದೊಡ್ಡ ಎಂಜಿನ್‌ಗಳಲ್ಲಿ ಕಟ್ಟಿಕೊಂಡ ಜೆಟ್ ಮೊದಲ ಶಂಕಿತ. ಬಿಚ್ಚಿದ ಪ್ಲಗ್ಗೂ ಸಾಕ್ಷಿ ನುಡಿಯುತ್ತದೆ. ಪ್ಲಗ್ ಒದ್ದೆಯಾಗಿ ಕಪ್ಪಾಗಿದ್ದರೆ ಇಂಧನ ಬಂದಿದೆ, ಉರಿದಿಲ್ಲ. ಒಣಗಿ ಬೆಳ್ಳಗಿದ್ದರೆ ಮಿಶ್ರಣದಲ್ಲಿ ಇಂಧನ ಕಡಿಮೆ. ತೊಳೆದಿಟ್ಟಂತೆ ಅತಿ ಶುಭ್ರವಾಗಿದ್ದರೆ ಗ್ಯಾಸ್ಕೆಟ್ ಮೂಲಕ ನೀರು ಒಳಸೇರುತ್ತಿರುವ ಶಂಕೆ. ಸೀಮೆಎಣ್ಣೆಯ ಎಂಜಿನ್‌ಗಳಲ್ಲಿ ಮಸಿ ಬೇಗ ಕಟ್ಟುವುದರಿಂದ ಈ ಪರಿಶೀಲನೆ ಮತ್ತಷ್ಟು ಮುಖ್ಯ.

ಎರಡು ಸಿಲಿಂಡರ್‌ಗಳ ಪ್ಲಗ್‌ಗಳನ್ನು, ಕಾಯಿಲ್‌ಗಳು ಪ್ರತ್ಯೇಕವಾಗಿದ್ದಲ್ಲಿ ಅವುಗಳನ್ನೂ, ಒಂದೊಂದಾಗಿ ಪರಸ್ಪರ ಅದಲುಬದಲು ಮಾಡಿ ನೋಡಬಹುದು. ದೋಷವು ಭಾಗದೊಡನೆ ಪಕ್ಕದ ಸಿಲಿಂಡರ್‌ಗೆ ಸ್ಥಳಾಂತರಗೊಂಡರೆ ಆ ಭಾಗವೇ ಕಾರಣ. ಇದ್ದಲ್ಲೇ ಉಳಿದರೆ ಆ ಭಾಗ ನಿರ್ದೋಷಿ. ಈ ಪರೀಕ್ಷೆಗೆ ಒಂದು ರೂಪಾಯಿಯ ಬಿಡಿಭಾಗವೂ ಬೇಡ. ಕಂಪ್ರೆಶನ್ ಗೇಜ್ ಹಿಡಿದಾಗ ಅಂಕಿಯ ಎತ್ತರಕ್ಕಿಂತ ಎರಡು ಸಿಲಿಂಡರ್‌ಗಳ ನಡುವಿನ ಸಾಮ್ಯವನ್ನು ಗಮನಿಸಬೇಕು. ಶೇಕಡಾ 10-15ಕ್ಕೂ ಮೀರಿದ ಅಂತರವಿದ್ದರೆ ಪಿಸ್ಟನ್ ರಿಂಗ್ ಅಥವಾ ಗ್ಯಾಸ್ಕೆಟ್ ಕಡೆ ನೋಡಬೇಕೇ ಹೊರತು ಅಂಗಡಿಯಿಂದ ಕಾಯಿಲ್ ತರಿಸಿ ಪ್ರಯೋಜನವಿಲ್ಲ.

ಈ ಕ್ರಮವನ್ನು ಬಿಟ್ಟರೆ ಆಗುವ ನಷ್ಟ ಹಣಕ್ಕೆ ಸೀಮಿತವಲ್ಲ. ಟೂ ಸ್ಟ್ರೋಕ್ ಎಂಜಿನ್‌ನಲ್ಲಿ ಕೀಲೆಣ್ಣೆ ಬರುವುದೇ ಇಂಧನದೊಡನೆ. ಇಂಧನ ಕಡಿಮೆಯಾಗಿ ಮಿಸ್ ಹೊಡೆಯುತ್ತಿರುವ ಸಿಲಿಂಡರ್‌ಗೆ ಹೊಸ ಪ್ಲಗ್ ಹಾಕಿದಾಗ ಅದು ಕೆಲಕಾಲ ಚೇತರಿಸಿಕೊಂಡಂತೆ ಕಾಣಬಹುದು. ಆದರೆ ಮೂಲದೋಷ ಉಳಿದಿರುವುದರಿಂದ ಪಿಸ್ಟನ್ ಕಾದು ಹಿಡಿದುಕೊಳ್ಳುವ ಅಪಾಯ ಹಾಗೆಯೇ ಇರುತ್ತದೆ. ಎಥನಾಲ್ ಮಿಶ್ರಿತ ಪೆಟ್ರೋಲ್ ಬಳಕೆಗೆ ಬಂದ ಮೇಲೆ ಈ ಎಚ್ಚರಿಕೆ ಇನ್ನಷ್ಟು ಅಗತ್ಯ. ಎಥನಾಲ್ ತೇವವನ್ನು ಹೀರುತ್ತದೆ. ಹಳೆಯ ರಬ್ಬರ್ ಕೊಳವೆಗಳಿಗೂ ಪಂಪಿನ ಡಯಾಫ್ರಮ್‌ಗೂ ಅದು ಒಗ್ಗದಿರಬಹುದು.

ಇದೇ ತತ್ತ್ವ ಕೈಗಾರಿಕಾ ಪ್ರದೇಶಗಳ ಡೀಸೆಲ್ ಜನರೇಟರ್‌ಗೂ ಅನ್ವಯಿಸುತ್ತದೆ. ಹಳೆಯ ಮಾದರಿಯ ಯಾಂತ್ರಿಕ ಪಂಪಿನ ಎಂಜಿನ್‌ನಲ್ಲಿ ಇಂಜೆಕ್ಟರ್ ಪೈಪಿನ ನಟ್ಟನ್ನು ಒಂದೊಂದಾಗಿ ಸಡಿಲಿಸಿ ದುರ್ಬಲ ಸಿಲಿಂಡರನ್ನು ಗುರುತಿಸುವುದು ಅನುಭವಿಗಳಿಗೆ ಗೊತ್ತಿರುವ ವಿಧಾನ. ಅಧಿಕ ಒತ್ತಡದ ಆಧುನಿಕ ಕಾಮನ್ ರೈಲ್ ಎಂಜಿನ್‌ನಲ್ಲಿ ಮಾತ್ರ ಇದನ್ನು ಎಂದಿಗೂ ಮಾಡಕೂಡದು. ಅಲ್ಲಿ ಸ್ಕ್ಯಾನರ್ ಬೇಕು. ಆದರೆ ಸ್ಕ್ಯಾನರ್ ತೋರುವ ಸಂಖ್ಯೆ ದೋಷವಿರುವ ಸರ್ಕ್ಯೂಟನ್ನು ಹೇಳುತ್ತದೆ. ಕಾರಣವನ್ನು ಮನುಷ್ಯನೇ ಹುಡುಕಬೇಕು.

ಮೈಸೂರಿಗೆ ಈ ವಿದ್ಯೆ ಹೊಸತಲ್ಲ. ಯಾದವಗಿರಿಯಲ್ಲಿ 1961ರಲ್ಲಿ ಉತ್ಪಾದನೆ ಆರಂಭಿಸಿ 1996ರಲ್ಲಿ ಬಾಗಿಲು ಮುಚ್ಚಿದ ಐಡಿಯಲ್ ಜಾವಾ ಕಾರ್ಖಾನೆಯ ಟೂ ಸ್ಟ್ರೋಕ್ ಬೈಕುಗಳು ಈ ನಗರದ ಗ್ಯಾರೇಜುಗಳಿಗೆ ಪಾಠಶಾಲೆಗಳಾಗಿದ್ದವು. ಪ್ಲಗ್ಗಿನ ಬಣ್ಣ ಮತ್ತು ಸೈಲೆನ್ಸರ್‌ನ ಸದ್ದಿನಿಂದಲೇ ದೋಷವನ್ನು ಊಹಿಸಿ, ಅನಂತರ ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳುತ್ತಿದ್ದ ಆ ತಲೆಮಾರು ಈಗ ವಿರಳವಾಗುತ್ತಿದೆ. ಅವರ ಜಾಣ್ಮೆಗೆ ಬಿಲ್ಲಿನಲ್ಲಿ ಬೆಲೆ ಕಟ್ಟದಿದ್ದುದರಿಂದ ಅದನ್ನು ಕಲಿಯುವ ಉತ್ಸಾಹ ಕಿರಿಯರಲ್ಲಿ ಮೂಡದಿರುವುದು ಆಶ್ಚರ್ಯವೇನಲ್ಲ.

ಪತ್ತೆಗೇ ಶುಲ್ಕ ಕೇಳಿದರೆ ಗ್ರಾಹಕ ಬೇರೆ ಗ್ಯಾರೇಜಿಗೆ ಹೋಗುತ್ತಾನೆ ಎಂಬ ಆಕ್ಷೇಪಣೆ ಉಂಟು. ಇದು ಕಡೆಗಣಿಸುವಂತಹ ಮಾತಲ್ಲ. ಆದರೆ ವೈದ್ಯರ ಸಲಹೆಗೆ, ಪ್ರಯೋಗಾಲಯದ ವರದಿಗೆ ಹಣ ನೀಡಲು ಒಪ್ಪುವ ಗ್ರಾಹಕ, ಕೈಗೆ ಲಿಖಿತ ವರದಿ ಬಂದರೆ ಎಂಜಿನ್‌ನ ಪರೀಕ್ಷೆಗೂ ಒಪ್ಪುವನು. ಯಾವ ಸಿಲಿಂಡರ್, ಕಿಡಿ ಇದೆಯೇ, ಕಂಪ್ರೆಶನ್ ಎಷ್ಟು, ಅದಲುಬದಲಿನ ಫಲಿತಾಂಶವೇನು ಎಂಬ ನಾಲ್ಕು ಸಾಲಿನ ಚೀಟಿ ಸಾಕು. ಅಲ್ಲಿಯೇ ದುರಸ್ತಿ ಮಾಡಿಸಿದರೆ ಶುಲ್ಕದ ಒಂದು ಪಾಲನ್ನು ಕೂಲಿಯಲ್ಲಿ ವಜಾ ಮಾಡಬಹುದು.

ಈ ನಿಟ್ಟಿನಲ್ಲಿ ಮೂರು ಕ್ರಮಗಳು ಅಪೇಕ್ಷಣೀಯ. ವರ್ಕ್‌ಶಾಪ್ ಮಾಲೀಕರು ಬಿಲ್ಲಿನಲ್ಲಿ ಪರೀಕ್ಷಾ ಶುಲ್ಕವನ್ನು ಪ್ರತ್ಯೇಕವಾಗಿ ನಮೂದಿಸಬೇಕು. ಬಿಡಿಭಾಗಗಳ ವ್ಯಾಪಾರಿಗಳು ಕಾಯಿಲ್, ಸಿಡಿಐಗಳನ್ನು ಮಾರುವ ಮುನ್ನ ಪರೀಕ್ಷಾ ಚೀಟಿ ಕೇಳುವ ಪದ್ಧತಿ ತರಬೇಕು. ಕೊಂಡ ಭಾಗವನ್ನು ಹಿಂದಿರುಗಿಸಲು ಬಂದವರೊಡನೆ ನಡೆಯುವ ನಿತ್ಯದ ಜಗಳ ಇದರಿಂದ ತಗ್ಗೀತು. ವಾಣಿಜ್ಯ ಸಂಸ್ಥೆಯು ಮಾದರಿ ಚೀಟಿಯೊಂದನ್ನು ಸಿದ್ಧಪಡಿಸಿ ಸದಸ್ಯರಿಗೆ ಹಂಚಬೇಕು. ಕೈಗಾರಿಕಾ ತರಬೇತಿ ಸಂಸ್ಥೆಗಳ ವಿದ್ಯಾರ್ಥಿಗಳಿಗೆ ಹಿರಿಯ ಮೆಕ್ಯಾನಿಕ್‌ಗಳಿಂದ ಪ್ರಾತ್ಯಕ್ಷಿಕೆ ಏರ್ಪಡಿಸಬೇಕು. ಇವಕ್ಕೆ ಸರ್ಕಾರದ ಅನುದಾನಕ್ಕಾಗಿ ಕಾಯಬೇಕಾಗಿಲ್ಲ. ಮುಂದಿನ ಮಳೆಗಾಲದೊಳಗೆ ಆರಂಭಿಸಿದರೆ, ದೋಣಿ ನೀರಿಗಿಳಿಯುವ ಮುನ್ನವೇ ಅದರ ಪ್ರಯೋಜನ ದೊರೆಯುತ್ತದೆ.